ಶಾಲೆಯ ಬಹುಸಂಸ್ಕೃತಿ ಸಂಜೆಗೆ ರಟ್ಟೀಹಳ್ಳಿಯ ಯಾವ ತಿನಿಸು?

ರಟ್ಟೀಹಳ್ಳಿ: ಹಾವೇರಿ ಜಿಲ್ಲೆಯ ಊರುಗಳಿಂದ ಹೊರಟು ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಮಕ್ಕಳ ಶಾಲೆಯಿಂದ ವರ್ಷಕ್ಕೊಮ್ಮೆ ಒಂದು ಚೀಟಿ ಬರುವುದುಂಟು. ಇಂಥ ದಿನ ಸಂಜೆ ಶಾಲೆಯಲ್ಲಿ ‘ಮಲ್ಟಿಕಲ್ಚರಲ್ ನೈಟ್’ ಇದೆ, ಪ್ರತಿ ಕುಟುಂಬವೂ ತನ್ನ ಪರಂಪರೆಯ ಒಂದು ತಿನಿಸನ್ನು ತರಬೇಕು, ಅದರಲ್ಲಿ ಏನೇನು ಹಾಕಲಾಗಿದೆ ಎಂಬ ಪಟ್ಟಿಯನ್ನೂ ಜೊತೆಗಿಡಬೇಕು ಎಂಬುದು ಅದರ ಸಾರಾಂಶ. ಓದಲು ಸರಳವಾಗಿರುವ ಈ ಚೀಟಿ ಮನೆಯಲ್ಲಿ ಎಬ್ಬಿಸುವ ಚರ್ಚೆ ಮಾತ್ರ ಸರಳವಲ್ಲ. ‘ನಮ್ಮ ತಿನಿಸು’ ಎಂದರೆ ಯಾವುದು? ಅದನ್ನು ಆರಿಸುವವರು ಯಾರು? ಆರಿಸಿದ್ದನ್ನು ಪರದೇಶದ ಮಕ್ಕಳು ತಿಂದಾರೆಯೇ? ತಿಂದರೆ ಅವರಿಗೆ ಅಪಾಯವೇನೂ ಆಗದೆ? ಕೊನೆಯ ಪ್ರಶ್ನೆಯನ್ನು ಅನೇಕರು ಕೇಳಿಕೊಳ್ಳುವುದೇ ಇಲ್ಲ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದೇ.

ಇಂಥ ಸಂಜೆಗಳಿಗೆ ಎಲ್ಲೆಡೆ ಒಂದೇ ಮೂಲವಿಲ್ಲ. ಆಸ್ಟ್ರೇಲಿಯಾದಲ್ಲಿ 1999ರಿಂದ ಮಾರ್ಚ್ 21ರಂದು ‘ಹಾರ್ಮೊನಿ ಡೇ’ ಆಚರಿಸುತ್ತ ಬಂದಿದ್ದಾರೆ. ಈಗ ಅದು ಒಂದು ವಾರದ ಕಾರ್ಯಕ್ರಮವಾಗಿ ಬೆಳೆದಿದೆ. ಆ ದಿನವೇ ವಿಶ್ವಸಂಸ್ಥೆಯ ಜನಾಂಗಭೇದ ನಿರ್ಮೂಲನಾ ದಿನ. 1960ರಲ್ಲಿ ದಕ್ಷಿಣ ಆಫ್ರಿಕದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದ ದಿನದ ಸ್ಮರಣೆ ಅದು. ಸಿಂಗಪುರದ ಶಾಲೆಗಳು 1964ರ ಜನಾಂಗೀಯ ಗಲಭೆಯ ನೆನಪಿಗಾಗಿ ಜುಲೈ 21ನ್ನು ಆರಿಸಿಕೊಂಡಿವೆ. ತಟ್ಟೆ ತುಂಬ ತಿಂಡಿ ಹಂಚುವ ಈ ಸಂಭ್ರಮದ ಹಿಂದೆ ರಕ್ತದ ಚರಿತ್ರೆಯೂ ಇದೆ ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಇತ್ತ ಬ್ರಿಟನ್ನಿನ ಶಿಕ್ಷಣ ವಲಯದಲ್ಲಿ ಇಂಥ ಆಚರಣೆಗಳನ್ನು ‘ಸೀರೆ, ಸಮೋಸ, ಸ್ಟೀಲ್ ಬ್ಯಾಂಡ್’ ಎಂದು ವ್ಯಂಗ್ಯವಾಡುವ ರೂಢಿಯಿದೆ. ಉಡುಪು, ತಿಂಡಿ, ಸಂಗೀತಗಳಲ್ಲೇ ಸಂಸ್ಕೃತಿ ಮುಗಿದುಹೋಗುತ್ತದೆ ಎಂಬ ಧೋರಣೆಗೆ ಕೊಟ್ಟ ಪೆಟ್ಟು ಅದು. ಆ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಸಂಜೆ ಮೇಜಿನ ಹಿಂದೆ ನಿಲ್ಲುವ ಎಂಟು ವರ್ಷದ ಮಗುವಿಗೆ ತಿಂಡಿಯ ತಟ್ಟೆ ಸಣ್ಣ ಸಂಗತಿಯೇನಲ್ಲ. ಮನೆಯ ಬುತ್ತಿಯ ವಾಸನೆಗೆ ಸಹಪಾಠಿಗಳು ಮೂಗು ಮುಚ್ಚಿಕೊಂಡ ಅನುಭವ ಪರದೇಶಗಳಲ್ಲಿ ಬೆಳೆದ ಭಾರತೀಯರ ಬರವಣಿಗೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದೇ ಬುತ್ತಿಯನ್ನು ಎಲ್ಲರೆದುರು ತೆರೆದಿಡಲು ಶಾಲೆಯೇ ಆಹ್ವಾನಿಸುವ ದಿನ ಇದು.

ಸಮೋಸದ ಹಾದಿ ಸುಲಭ

ಹೆಚ್ಚಿನ ಭಾರತೀಯ ಕುಟುಂಬಗಳು ಹಿಡಿಯುವ ಹಾದಿ ಸಮೋಸದ್ದು. ಅಂಗಡಿಯಲ್ಲಿ ಸಿಗುತ್ತದೆ, ಎಲ್ಲರೂ ಕಂಡಿರುತ್ತಾರೆ, ವಿವರಿಸುವ ಗೋಜಿಲ್ಲ. ನಾನ್, ಬೆಣ್ಣೆ ಕೋಳಿ, ಗುಲಾಬ್ ಜಾಮೂನುಗಳೂ ಇದೇ ಸಾಲಿಗೆ ಸೇರುತ್ತವೆ. ತಪ್ಪೇನಿಲ್ಲ; ಆದರೆ ಅವು ರಟ್ಟೀಹಳ್ಳಿಯ ಮನೆಯವಲ್ಲ. ಪರಂಪರೆಯ ತಿನಿಸು ತನ್ನಿ ಎಂದಾಗ ಅಜ್ಜಿಯ ಅಡುಗೆಮನೆಯಲ್ಲಿ ಎಂದೂ ಬೇಯದಿದ್ದ ಪದಾರ್ಥವನ್ನು ಒಯ್ದರೆ, ಅದರ ಬಗ್ಗೆ ಹೇಳಲು ಮಗುವಿನ ಬಳಿ ಮಾತೇ ಇರುವುದಿಲ್ಲ.

ಹಾಗಾದರೆ ರಟ್ಟೀಹಳ್ಳಿಯದು ಯಾವುದು? ಹಿರೇಕೆರೂರು ತಾಲ್ಲೂಕಿನಿಂದ ಬೇರ್ಪಟ್ಟು 2018ರಲ್ಲಿ ಸ್ವತಂತ್ರ ತಾಲ್ಲೂಕಾದ, ಕುಮುದ್ವತಿ ನದಿಯ ದಡದ ಈ ಊರು ಬಯಲುಸೀಮೆಗೂ ಮಲೆನಾಡಿಗೂ ನಡುವಿನ ಸೆರಗಿನಲ್ಲಿದೆ. ಒಂದು ದಿಕ್ಕಿಗೆ ರಾಣೇಬೆನ್ನೂರು, ಬ್ಯಾಡಗಿಗಳ ರೊಟ್ಟಿಯ ಸೀಮೆ. ಇನ್ನೊಂದು ದಿಕ್ಕಿಗೆ ಶಿಕಾರಿಪುರದ ಅನ್ನದ ಸೀಮೆ. ಆದ್ದರಿಂದ ಇಲ್ಲಿಯ ಮನೆಗಳಲ್ಲಿ ಜೋಳದ ರೊಟ್ಟಿಗೂ ಅನ್ನಕ್ಕೂ ಸಮಾನ ಗೌರವ. ಜೊತೆಗೆ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಹಬ್ಬಕ್ಕೆ ಹೋಳಿಗೆ, ಕಟ್ಟಿನ ಸಾರು, ಕರಿಗಡಬು. ನಾಗರಪಂಚಮಿಗೆ ಉಂಡೆಗಳ ಸಾಲು. ಸಂಜೆಗೆ ಮಂಡಕ್ಕಿ, ಮಿರ್ಚಿ, ಗಿರ್ಮಿಟ್. ಪೇಟೆಯಿಂದ ಬಂದರೆ ಸವಣೂರು ಖಾರಾ.

ಈ ಪಟ್ಟಿಯಲ್ಲಿ ‘ಇದೇ ನಮ್ಮದು’ ಎಂದು ಬೆರಳಿಡುವಾಗ ಮನೆಯ ಹಿರಿಯರು ಸಾಮಾನ್ಯವಾಗಿ ಹೋಳಿಗೆಯತ್ತ ತೋರಿಸುತ್ತಾರೆ. ಬಂದವರಿಗೆ ಸಿಹಿ ಬಡಿಸಬೇಕೆಂಬುದು ಅವರ ಲೆಕ್ಕ. ರೊಟ್ಟಿಯನ್ನು ಯಾರಾದರೂ ಪ್ರದರ್ಶನಕ್ಕಿಡುತ್ತಾರೆಯೇ ಎಂಬ ಸಂಕೋಚವೂ ಅದರ ಹಿಂದಿದೆ. ಒಂದು ಕಾಲಕ್ಕೆ ಈ ಭಾಗದ ಎಷ್ಟೋ ಮನೆಗಳಲ್ಲಿ ಅನ್ನವೇ ಹಬ್ಬದೂಟವಾಗಿತ್ತು. ದಿನನಿತ್ಯದ ರೊಟ್ಟಿ ದುಡಿಯುವವರ ಆಹಾರವೆನಿಸಿತ್ತು. ಈಗ ಕಾಲ ತಿರುಗಿದೆ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ಜೋಳವೂ ಆ ಗೌರವದ ಪಾಲು ಪಡೆಯಿತು. ಸಂಕೋಚ ಮಾತ್ರ ಇನ್ನೂ ಪೂರ್ತಿ ಕರಗಿಲ್ಲ.

‘ಮನೆಯ ತಿನಿಸು’ ಎಂಬ ಮಾತಿನೊಳಗೆ ಜಾತಿ, ಮತ, ಆರ್ಥಿಕ ಸ್ಥಿತಿಗಳೂ ಅಡಗಿವೆ ಎಂಬುದನ್ನು ಮರೆಯುವಂತಿಲ್ಲ. ಹೋಳಿಗೆ ಮಾಡುವ ಮನೆಯೂ, ಕುರಿಮಾಂಸದ ಸಾರು ಮಾಡುವ ಮನೆಯೂ ಅದೇ ಓಣಿಯವು; ಎರಡರಲ್ಲೂ ರೊಟ್ಟಿ ಬಡಿಯುವ ಸದ್ದು ಒಂದೇ. ಸಾರ್ವಜನಿಕ ಊಟದಲ್ಲಿ ಯಾವುದಕ್ಕೆ ಸ್ಥಾನ ಎಂಬ ಪ್ರಶ್ನೆ ಕನ್ನಡನಾಡಿನಲ್ಲೇ ಇತ್ಯರ್ಥವಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಬಾಡೂಟದ ಬೇಡಿಕೆ ಎಷ್ಟು ಬಿಸಿಯೇರಿಸಿತ್ತೆಂಬುದು ಓದುಗರಿಗೆ ನೆನಪಿರಬಹುದು. ಪರದೇಶದ ಶಾಲೆಯ ಮೇಜಿಗೆ ಆ ವಾದ ಅದೇ ರೂಪದಲ್ಲಿ ಬರುವುದಿಲ್ಲ. ಅಲ್ಲಿ ಹಲಾಲ್, ಹಂದಿಮಾಂಸ, ಸಸ್ಯಾಹಾರ ಎಂಬ ಚೀಟಿಗಳ ರೂಪದಲ್ಲಿ ಬರುತ್ತದೆ. ಮಾಂಸದ ಅಡುಗೆಯೇ ಕುಟುಂಬದ ಹೆಮ್ಮೆಯಾಗಿದ್ದರೆ ಅದನ್ನು ಒಯ್ಯಲು ಯಾರ ಅಪ್ಪಣೆಯೂ ಬೇಕಿಲ್ಲ. ಯಾವ ಮಾಂಸ ಎಂಬುದನ್ನು ಸ್ಪಷ್ಟವಾಗಿ ಬರೆದು, ಕೊನೆಯವರೆಗೂ ಬಿಸಿಯಾಗಿಡುವ ಏರ್ಪಾಡು ಮಾಡಿಕೊಂಡರಾಯಿತು.

ಶೇಂಗಾ ಎಂಬ ತೊಡಕು

ಇಲ್ಲಿಯವರೆಗಿನದು ರುಚಿ, ಅಭಿಮಾನಗಳ ಮಾತು. ಮುಂದಿನದು ಜೀವದ ಮಾತು. ಶೇಂಗಾ ಅಲರ್ಜಿ ಇರುವ ಮಗುವಿಗೆ ಅತಿ ಸಣ್ಣ ಪ್ರಮಾಣದ ಶೇಂಗಾ ಪುಡಿಯೂ ಕೆಲವೇ ನಿಮಿಷಗಳಲ್ಲಿ ಗಂಟಲು ಊದಿಸಿ, ಉಸಿರು ಕಟ್ಟಿಸಿ, ರಕ್ತದೊತ್ತಡ ಕುಸಿಯುವಂತೆ ಮಾಡಬಲ್ಲದು. ತಕ್ಷಣ ಎಪಿನೆಫ್ರಿನ್ ಚುಚ್ಚುಮದ್ದು ದೊರೆಯದಿದ್ದರೆ ಸಾವೂ ಸಂಭವಿಸಬಹುದು. ಆದ್ದರಿಂದಲೇ ಪಾಶ್ಚಾತ್ಯ ದೇಶಗಳ ಅನೇಕ ಶಾಲೆಗಳು ಶೇಂಗಾ ಪದಾರ್ಥಗಳನ್ನು ಆವರಣದೊಳಗೇ ಬಿಡುವುದಿಲ್ಲ.

ಹಾವೇರಿ ಜಿಲ್ಲೆಯಿಂದ ಹೋದವರಿಗೆ ಈ ನಿಯಮ ವಿಚಿತ್ರವೆನಿಸುವುದು ಸಹಜ. ಇಲ್ಲಿ ಶೇಂಗಾ ಎಂದರೆ ಪುಷ್ಟಿ. ಕರ್ನಾಟಕ ಸರ್ಕಾರವೇ 2022ರಲ್ಲಿ ಶಾಲಾ ಮಕ್ಕಳ ಪೌಷ್ಟಿಕ ಆಹಾರ ಯೋಜನೆಯಡಿ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿಯ ಆಯ್ಕೆ ನೀಡಿತ್ತು. ಒಂದು ನಾಡಿನ ಶಾಲೆ ಕೈಗಿಟ್ಟದ್ದನ್ನು ಇನ್ನೊಂದು ನಾಡಿನ ಶಾಲೆ ಬಾಗಿಲಲ್ಲೇ ತಡೆಯುತ್ತದೆ. ಈ ಅಂತರದ ಬಗ್ಗೆ ವಿಜ್ಞಾನ ಒಂದಿಷ್ಟು ಬೆಳಕು ಚೆಲ್ಲಿದೆ. ಇಸ್ರೇಲಿನಲ್ಲಿ ಹಸುಳೆಗಳಿಗೇ ಶೇಂಗಾ ತಿನಿಸು ಕೊಡುವ ರೂಢಿಯಿದೆ; ಅಲ್ಲಿಯ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚೆಂದು 2008ರಲ್ಲಿ ಸಂಶೋಧಕರು ಗುರುತಿಸಿದರು. ಅದರ ಬೆನ್ನು ಹತ್ತಿ ಲಂಡನ್ನಿನಲ್ಲಿ 640 ಹಸುಳೆಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ವರ್ಷ ತುಂಬುವ ಮೊದಲೇ ಶೇಂಗಾ ತಿನ್ನಲಾರಂಭಿಸಿದ ಮಕ್ಕಳಲ್ಲಿ ಅಲರ್ಜಿಯ ಸಂಭವ ಸುಮಾರು ಶೇ. 80ರಷ್ಟು ಕಡಿಮೆಯಾಗಿತ್ತು. ವೈದ್ಯರ ಸಲಹೆಗಳೇ ಅದರಿಂದ ಬದಲಾದವು. ಆದರೆ ಈಗಾಗಲೇ ಅಲರ್ಜಿ ಇರುವ ಮಗುವಿಗೆ ಈ ಸಂಶೋಧನೆಯಿಂದ ರಕ್ಷಣೆಯಿಲ್ಲ. ‘ನಮ್ಮೂರಲ್ಲಿ ಎಲ್ಲರೂ ತಿನ್ನುತ್ತಾರೆ, ಏನೂ ಆಗುವುದಿಲ್ಲ’ ಎಂಬ ಮಾತಿಗೆ ಆ ಮೇಜಿನ ಬಳಿ ಬೆಲೆಯಿಲ್ಲ, ಇರಲೂಬಾರದು.

ಶೇಂಗಾ ಒಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅಮೆರಿಕದಲ್ಲಿ 2004ರ ಕಾನೂನು ಎಂಟು ಪದಾರ್ಥಗಳನ್ನು ಮುಖ್ಯ ಅಲರ್ಜಿಕಾರಕಗಳೆಂದು ಹೆಸರಿಸಿತ್ತು: ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಯಂಥ ಚಿಪ್ಪಿನ ಜಲಚರಗಳು, ಗೋಡಂಬಿ-ಬಾದಾಮಿಯಂಥ ಬೀಜಗಳು, ಶೇಂಗಾ, ಗೋಧಿ, ಸೋಯಾ. 2023ರ ಜನವರಿ 1ರಿಂದ ಒಂಬತ್ತನೆಯದಾಗಿ ಎಳ್ಳು ಸೇರಿತು. ಬ್ರಿಟನ್ ಹಾಗೂ ಐರೋಪ್ಯ ಒಕ್ಕೂಟದ ಪಟ್ಟಿಯಲ್ಲಿ ಹದಿನಾಲ್ಕಿವೆ. ಅದರಲ್ಲಿ ಸಾಸಿವೆಯೂ ಒಂದು. ಕೆನಡಾದ ಪಟ್ಟಿಯಲ್ಲೂ ಸಾಸಿವೆ ಇದೆ. ಅಲ್ಲಿಗೆ ಒಗ್ಗರಣೆಯೇ ವಿಚಾರಣೆಗೆ ನಿಂತಂತಾಯಿತು.

ಈ ಜರಡಿಯಲ್ಲಿ ರಟ್ಟೀಹಳ್ಳಿಯ ಪಟ್ಟಿಯನ್ನು ಸೋಸಿದರೆ ಏನುಳಿಯುತ್ತದೆ? ಶೇಂಗಾ ಹೋಳಿಗೆ, ಶೇಂಗಾ ಉಂಡೆ, ಶೇಂಗಾ ಚಟ್ನಿ ಮೊದಲಿಗೇ ಹೋದವು. ಎಳ್ಳುಂಡೆ, ಎಳ್ಳು ಹೋಳಿಗೆ ಹೋದವು. ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ, ಎಳ್ಳು ಎರಡೂ ಇರುವುದರಿಂದ ಅದೂ ಹೋಯಿತು. ಚಿತ್ರಾನ್ನದಲ್ಲಿ ಶೇಂಗಾ ಇದೆ. ತೆಗೆದರೂ ಅನ್ನಕ್ಕೆ ಬೇರೊಂದು ತೊಂದರೆ ಉಂಟು, ಅದನ್ನು ಮುಂದೆ ನೋಡಬಹುದು. ಕಡಲೆಬೇಳೆ ಹೋಳಿಗೆಯ ಕಣಕ ಗೋಧಿಯದೋ ಮೈದಾದ್ದೋ, ಬಳಿಯುವುದು ತುಪ್ಪ. ತುಪ್ಪವನ್ನು ಹಾಲಿನ ಪದಾರ್ಥವೆಂದೇ ಬರೆಯಬೇಕು. ಹೋಳಿಗೆಗೆ ನಿಷೇಧವಿಲ್ಲ, ಆದರೆ ಎಲ್ಲ ಮಕ್ಕಳೂ ತಿನ್ನಲಾರರು. ಝುಣಕ ಕಡಲೆಹಿಟ್ಟಿನದು, ಸುರಕ್ಷಿತವೆನಿಸೀತು. ಆದರೆ ಅಂಗಡಿಯ ಇಂಗಿನ ಡಬ್ಬಿಯ ಹಿಂಬದಿ ಓದಿದರೆ ಬಹುಪಾಲು ಮೈದಾ ಬೆರೆಸಿದ ಇಂಗೇ ಇರುತ್ತದೆ. ಗೋಧಿ ಒಗ್ಗದ ಮಗುವಿಗೆ ಅದೂ ಸಲ್ಲದು.

ಪದಾರ್ಥದ ಪಟ್ಟಿ ಶುದ್ಧವಾಗಿದ್ದ ಮಾತ್ರಕ್ಕೆ ತಿನಿಸು ಶುದ್ಧವೆನಿಸುವುದಿಲ್ಲ ಎಂಬುದು ಇನ್ನೂ ಸೂಕ್ಷ್ಮವಾದ ಸಂಗತಿ. ಉತ್ತರ ಕರ್ನಾಟಕದ ಅಡುಗೆಮನೆಯ ಮಿಕ್ಸರ್ ಜಾರಿನಲ್ಲಿ ಶೇಂಗಾ ಪುಡಿಯಾಗದ ವಾರವಿಲ್ಲ. ಅದೇ ಜಾರಿನಲ್ಲಿ ಏಲಕ್ಕಿ ಕುಟ್ಟಿ ಹೂರಣಕ್ಕೆ ಹಾಕಿದರೆ ಶೇಂಗಾ ಕಣವೂ ಜೊತೆಗೆ ಹೋಗುತ್ತದೆ. ಶೇಂಗಾ ಎಣ್ಣೆಯ ಡಬ್ಬಿಯನ್ನೂ ಆ ದಿನ ಬದಿಗಿಡುವುದು ಒಳಿತು.

ರೊಟ್ಟಿಯ ಗುಣ, ರೊಟ್ಟಿಯ ಮಿತಿ

ಈ ಎಲ್ಲ ಲೆಕ್ಕದಲ್ಲಿ ಜೋಳದ ರೊಟ್ಟಿ ಗೆದ್ದುಬರಬೇಕಿತ್ತು. ಹಿಟ್ಟು, ಬಿಸಿನೀರು, ಬೇಕಾದರೆ ಒಂದಿಷ್ಟು ಉಪ್ಪು, ಬೇರೇನೂ ಇಲ್ಲ. ಗೋಧಿಗೆ ಜಿಗುಟು ಕೊಡುವ ಗ್ಲುಟೆನ್ ಜೋಳದಲ್ಲಿಲ್ಲ. ಆದ್ದರಿಂದಲೇ ಅದನ್ನು ಕುದಿನೀರು ಹಾಕಿ ನಾದಬೇಕು. ಬಿಸಿಗೆ ಹಿಟ್ಟಿನ ಪಿಷ್ಟ ಅಂಟಾಗಿ, ಬಡಿದಾಗ ಒಡೆಯದೆ ನಿಲ್ಲುತ್ತದೆ. ಖಡಕ್ ರೊಟ್ಟಿಯಾದರೆ ವಾರಗಟ್ಟಲೆ ಕೆಡದು, ವಿಮಾನದಲ್ಲಿ ಊರಿನಿಂದಲೂ ಬಂದೀತು. ಮುರಿದು ಬಟ್ಟಲಿಗೆ ಹಾಕಿದರೆ ಮಕ್ಕಳು ಚಿಪ್ಸಿನಂತೆ ತಿನ್ನುತ್ತಾರೆ. ಹೀಗಿದ್ದೂ ಗ್ಲುಟೆನ್ ಇಲ್ಲವೆಂಬ ಚೀಟಿಯನ್ನು ಅದರ ಮೇಲೆ ಅಂಟಿಸುವಂತಿಲ್ಲ. ಊರ ಗಿರಣಿಯಲ್ಲಿ ಗೋಧಿಯ ಹಿಂದೆಯೇ ಜೋಳ ಬೀಸುತ್ತಾರೆ. ಮನೆಯಲ್ಲಿ ಚಪಾತಿ ಸುಟ್ಟ ಹಂಚಿನ ಮೇಲೆಯೇ ರೊಟ್ಟಿ ಬೇಯುತ್ತದೆ. ಸೀಲಿಯಾಕ್ ರೋಗವಿರುವ ಮಗುವಿಗೆ ಅಷ್ಟೇ ಸಾಕು, ಹೊಟ್ಟೆ ಕೆಡಲು. ‘ಜೋಳದ್ದು, ಗೋಧಿ ಬಳಸುವ ಅಡುಗೆಮನೆಯಲ್ಲಿ ಮಾಡಿದ್ದು’ ಎಂದು ಬರೆಯುವುದೇ ಪ್ರಾಮಾಣಿಕ.

ರೊಟ್ಟಿಯ ಜೊತೆಗೆ ಏನನ್ನಿಡುವುದು ಎಂಬುದು ಉಳಿದ ಪ್ರಶ್ನೆ. ಬರಿ ರೊಟ್ಟಿ ಯಾರಿಗೂ ರುಚಿಸದು. ಇಲ್ಲಿ ಬ್ಯಾಡಗಿ ಮೆಣಸಿನಕಾಯಿ ನೆರವಿಗೆ ಬರುತ್ತದೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಕಾಯಿಯ ಹೆಗ್ಗಳಿಕೆ ಅದರ ಕಡುಗೆಂಪು ಬಣ್ಣ, ಖಾರ ಕಡಿಮೆ. ಪರದೇಶದ ಮಕ್ಕಳ ನಾಲಿಗೆಗೆ ಇದಕ್ಕಿಂತ ತಕ್ಕ ಮೆಣಸಿನಕಾಯಿ ಸಿಕ್ಕುವುದು ಕಷ್ಟ. ಪುಟಾಣಿ, ಒಣಕೊಬ್ಬರಿ, ಬ್ಯಾಡಗಿ ಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿದ ಪುಟಾಣಿ ಚಟ್ನಿಪುಡಿಯಲ್ಲಿ ಶೇಂಗಾ ಇಲ್ಲ, ಎಳ್ಳಿಲ್ಲ, ಸಾಸಿವೆಯೂ ಇಲ್ಲ. ಕೆಲವರು ಕಡಲೆಯೂ ಒಗ್ಗದವರಿರುತ್ತಾರಾದ್ದರಿಂದ ಅದರ ಹೆಸರನ್ನೂ ಬರೆದಿಡಬೇಕು.

ಒಣ ಪದಾರ್ಥಗಳ ಮೇಲೇ ಈ ಒತ್ತು ಏಕೆಂದರೆ, ಅಲರ್ಜಿಯ ನಂತರದ ಅಪಾಯ ಸಮಯದ್ದು. ಮಧ್ಯಾಹ್ನ ಮಾಡಿ, ಕಾರಿನಲ್ಲಿಟ್ಟು, ಸಂಜೆ ಏಳರವರೆಗೆ ಮೇಜಿನ ಮೇಲೆ ಕಾಯುವ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಬೀಜಾಣು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಅದು ಹುಟ್ಟಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಸಲಹೆಯಂತೆ ಬೇಗ ಕೆಡುವ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. ಆಸ್ಟ್ರೇಲಿಯಾದಲ್ಲಿ ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕೆಂಬ ನಿಯಮವಿದೆ. ಮೊಸರನ್ನ, ಚಿತ್ರಾನ್ನ, ಪಲ್ಯಗಳಿಗೆ ಶಾಲೆಯ ಮೇಜು ತಕ್ಕ ಸ್ಥಳವಲ್ಲ. ಗಿರ್ಮಿಟ್ ಕಲಸಿ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ, ಮಿರ್ಚಿ ಆರಿದರೆ ತಿನ್ನುವವರಿಲ್ಲ. ಅವುಗಳ ವಿಷಯದಲ್ಲಿ ನಿಯಮದ ಪುಸ್ತಕ ತೆರೆಯುವ ಅಗತ್ಯವೂ ಇಲ್ಲ.

ಪಂಚಮಿಯ ಡಬ್ಬಿಯಲ್ಲಿ ಸಿಕ್ಕ ಉತ್ತರ

ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಕೊನೆಗೆ ಕೈಗೆ ಸಿಗುವುದು ಪಂಚಮಿಯ ಉಂಡೆಗಳಲ್ಲೇ ಎಲ್ಲಕ್ಕಿಂತ ಅಗ್ಗವಾದದ್ದು: ಮಂಡಕ್ಕಿ ಉಂಡೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಹೆಣ್ಣುಮಕ್ಕಳು ತವರಿಗೆ ಬರುವ, ಜೋಕಾಲಿ ಜೀಕುವ, ಡಬ್ಬಿಗಟ್ಟಲೆ ಉಂಡೆ ಕಟ್ಟುವ ಹಬ್ಬ. ಬೇಸನ್ ಉಂಡೆ, ರವೆ ಉಂಡೆಗಳು ಬೀಗರ ಮನೆಗೆ ಹೋದರೆ ಮಂಡಕ್ಕಿ ಉಂಡೆ ಮಕ್ಕಳ ಕಿಸೆಗೆ ಹೋಗುತ್ತಿತ್ತು. ಬೇಕಾದದ್ದು ಎರಡೇ ಪದಾರ್ಥ, ಮಂಡಕ್ಕಿ ಮತ್ತು ಬೆಲ್ಲ. ಹಾಲಿಲ್ಲ, ತುಪ್ಪವಿಲ್ಲ, ಗೋಧಿಯಿಲ್ಲ, ಶೇಂಗಾ-ಎಳ್ಳುಗಳಿಲ್ಲ, ಒಗ್ಗರಣೆಯಿಲ್ಲ. ಯಾವ ಜಾತಿಯ, ಯಾವ ಮತದ ಮನೆಯಲ್ಲೂ ಇದಕ್ಕೆ ಅಡ್ಡಿಯಿಲ್ಲ. ಎರಡು ದಿನ ಮೊದಲೇ ಮಾಡಿಡಬಹುದು. ಚಮಚ ಬೇಡ, ತಟ್ಟೆ ಬೇಡ.

ಮಾಡುವ ಬಗೆಯಲ್ಲಿ ಕಷ್ಟವಿರುವುದು ಪಾಕದ್ದೊಂದೇ. ಒಂದು ಬಟ್ಟಲು ಪುಡಿಬೆಲ್ಲಕ್ಕೆ ಐದು ಬಟ್ಟಲು ಮಂಡಕ್ಕಿ ಲೆಕ್ಕ. ಮಂಡಕ್ಕಿಯನ್ನು ಮೊದಲು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಗರಿಗರಿಯಾಗಿಸಿಕೊಳ್ಳಬೇಕು. ಬೆಲ್ಲಕ್ಕೆ ಕಾಲು ಬಟ್ಟಲು ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಬೇಕು. ಹದ ಬಂದಿತೇ ಎಂದು ಫೋನಿನಲ್ಲಿ ಕೇಳಿದರೆ ಊರಲ್ಲಿರುವ ಅಜ್ಜಿ ನಿಮಿಷದ ಲೆಕ್ಕ ಹೇಳುವುದಿಲ್ಲ. ‘ನೀರಾಗ ಒಂದು ಹನಿ ಬಿಡು, ಉಂಡಿ ಆಗಬೇಕು, ತಾಟಿಗೆ ಒಗದರ ಟಣ್ ಅನಬೇಕು’ ಎನ್ನುತ್ತಾಳೆ. ಅದಕ್ಕಿಂತ ನಿಖರವಾದ ಅಳತೆ ಯಾವ ಪಾಕಪುಸ್ತಕದಲ್ಲೂ ಸಿಗದು. ಪಾಕ ಎಳೆಯದಾದರೆ ಉಂಡೆ ಬಿರಿಯುತ್ತದೆ, ಬಲಿತರೆ ಹಲ್ಲಿಗೆ ಸವಾಲಾಗುತ್ತದೆ. ಮಂಡಕ್ಕಿ ಸುರಿದು ಕಲಸಿದ ಮೇಲೆ ತಡಮಾಡದೆ, ಅಂಗೈಗೆ ನೀರು ಹಚ್ಚಿಕೊಂಡು ಬಿಸಿಯಿರುವಾಗಲೇ ಕಟ್ಟಬೇಕು. ಪಾಕ ಸುಡುತ್ತದೆಯಾದ್ದರಿಂದ ಆ ಕೆಲಸ ದೊಡ್ಡವರದು; ತುಸು ಆರಿದ ಮೇಲೆ ದುಂಡಗೆ ಮಾಡುವುದು ಮಗುವಿನದು. ನಿಂಬೆಹಣ್ಣಿನಷ್ಟೇ ದೊಡ್ಡದಾಗಿರಲಿ, ಹತ್ತಾರು ಮೇಜಿನ ತಿಂಡಿ ರುಚಿ ನೋಡಲು ಬಂದವರು ದೊಡ್ಡದನ್ನು ಅರ್ಧ ತಿಂದು ಎಸೆಯುತ್ತಾರೆ.

ಇಷ್ಟಾದರೂ ಮೊದಲು ಶಾಲೆಯನ್ನು ವಿಚಾರಿಸುವುದು ಅಗತ್ಯ. ಮನೆಯಲ್ಲಿ ಮಾಡಿದ್ದನ್ನು ತರುವಂತಿಲ್ಲ, ಮೊಹರಾದ ಪೊಟ್ಟಣವೇ ಬೇಕು ಎನ್ನುವ ಶಾಲೆಗಳೂ ಇವೆ. ಅಂಥಲ್ಲಿ ಪದಾರ್ಥಗಳ ವಿವರ ಅಚ್ಚಾಗಿರುವ ಖಾರಾ ಅಥವಾ ಖಡಕ್ ರೊಟ್ಟಿಯ ಪೊಟ್ಟಣ ಸಾಕು. ಮಂಡಕ್ಕಿಯ ಚೀಲದ ಮೇಲೂ ‘ಶೇಂಗಾ, ಎಳ್ಳು ಬಳಸುವ ಘಟಕದಲ್ಲಿ ತಯಾರಾದದ್ದು’ ಎಂಬ ಸಾಲಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ಕರ್ನಾಟಕದ ಶಾಲೆಗಳಲ್ಲಿ ಇದೇ ಕಾರ್ಯ ಬೇರೆ ಹೆಸರಿನಲ್ಲಿ ನಡೆಯುತ್ತದೆ. ಮೆಟ್ರಿಕ್ ಮೇಳ, ಮಕ್ಕಳ ಸಂತೆ, ಆಹಾರ ಮೇಳಗಳಲ್ಲಿ ಮಕ್ಕಳು ಮಂಡಕ್ಕಿ, ಚುರುಮುರಿ ಮಾರಿ ಲೆಕ್ಕ ಕಲಿಯುತ್ತಾರೆ. ‘ಏಕ್ ಭಾರತ್ ಶ್ರೇಷ್ಠ ಭಾರತ್’ ಯೋಜನೆಯಡಿ ಕರ್ನಾಟಕಕ್ಕೆ ಉತ್ತರಾಖಂಡ ಜೋಡಿಯಾದ್ದರಿಂದ ಅಲ್ಲಿಯ ರಾಗಿ ರೊಟ್ಟಿಯ ಪರಿಚಯವೂ ಕೆಲವು ಶಾಲೆಗಳಲ್ಲಿ ಆಗಿದೆ. ಅಲರ್ಜಿಯ ಚೀಟಿ ಬರೆಯುವ ರೂಢಿ ಮಾತ್ರ ಇಲ್ಲಿಗೆ ಇನ್ನೂ ಬಂದಂತಿಲ್ಲ.

ಮೇಜಿನ ಹಿಂದೆ ನಿಲ್ಲುವ ಮಗುವಿಗೆ ಏನು ಹೇಳಿಕೊಡಬೇಕೆಂಬುದು ಉಳಿಯಿತು. ಐದು ಸಾವಿರ ವರ್ಷಗಳ ಸಂಸ್ಕೃತಿಯ ಭಾಷಣ ಬೇಡ. ರಟ್ಟೀಹಳ್ಳಿಯ ಊಟವೇ ಹಲವು ನಾಡುಗಳ ಕೂಟ ಎಂಬ ಸಂಗತಿಯೇ ಕೇಳುವವರಿಗೆ ಹೆಚ್ಚು ಕುತೂಹಲ ಹುಟ್ಟಿಸೀತು. ಜೋಳದ ತವರು ಆಫ್ರಿಕ. ಶೇಂಗಾ ದಕ್ಷಿಣ ಅಮೆರಿಕದ್ದು. ಬ್ಯಾಡಗಿಯ ಹೆಸರನ್ನು ಲೋಕಕ್ಕೆ ಸಾರಿದ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಈಗ ಜಿಲ್ಲೆಯ ಹೊಲಗಳನ್ನು ತುಂಬಿರುವ ಗೋವಿನಜೋಳವೂ ಅಲ್ಲಿಯದೇ. ಮೆಕ್ಸಿಕೊ ಮೂಲದ ಸಹಪಾಠಿಯ ಮೇಜಿನಲ್ಲಿ ಟೋರ್ಟಿಯಾ ಇದ್ದರೆ ಪಕ್ಕದಲ್ಲಿ ರೊಟ್ಟಿ ಇಟ್ಟು ತೋರಿಸಬಹುದು. ಎರಡನ್ನೂ ಬಿಸಿ ಹಂಚಿನ ಮೇಲೆ ಬೇಯಿಸುತ್ತಾರೆ, ಎರಡಕ್ಕೂ ಗೋಧಿ ಬೇಕಿಲ್ಲ.

ಉಂಡೆಯ ತಟ್ಟೆಯ ಮುಂದಿಡುವ ಚೀಟಿಯಲ್ಲಿ ಇಷ್ಟಿದ್ದರೆ ಸಾಕು: ತಿನಿಸಿನ ಹೆಸರು ಕನ್ನಡ ಲಿಪಿಯಲ್ಲೂ ಆ ದೇಶದ ಲಿಪಿಯಲ್ಲೂ, ಊರು ರಟ್ಟೀಹಳ್ಳಿ, ಕರ್ನಾಟಕ, ಭಾರತ, ಹಾಕಿದ್ದು ಅಕ್ಕಿಯ ಮಂಡಕ್ಕಿ, ಕಬ್ಬಿನ ಬೆಲ್ಲ, ಮಾಡಿದ್ದು ಶೇಂಗಾ, ಎಳ್ಳು, ಗೋಧಿ, ಹಾಲು ಬಳಸುವ ಮನೆಯ ಅಡುಗೆಮನೆಯಲ್ಲಿ. ಈ ಕೊನೆಯ ಸಾಲನ್ನು ಓದಿ ತೀವ್ರ ಅಲರ್ಜಿಯ ಮಗುವಿನ ತಾಯಿ ಉಂಡೆ ಮುಟ್ಟಿಸದೆ ಮುಂದೆ ಸಾಗಿದರೆ ಬೇಸರಪಡಬೇಕಿಲ್ಲ. ಆ ಸಾಲು ಬರೆದದ್ದೇ ಅವಳಿಗಾಗಿ.